ಮನೆಯಲ್ಲೇ ಮಾಡಿಕೊಂಡಿದ್ದು: ಬಂದವರೆಲ್ಲ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳೇ ಹೆಂಚಿನ ಮನೆ, ಪಕ್ಕದಲ್ಲಿ ಸ್ವಲ್ಪ ಕಾಫಿ ತೋಟ. ಮನೆಯಲ್ಲಿ ಅತ್ತೆ, ನಮ್ಮ ಯಜಮಾನ್ರು, ನಾನು, ಹೈಸ್ಕೂಲಿಗೆ ಹೋಗುವ ಮಗಳು, ನಾಲ್ಕನೇ ಕ್ಲಾಸಿನ ಮಗ. ನಾದಿನಿ ಹಾಸನದ ವಿದ್ಯಾನಗರದಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಎರಡೂ ಮನೆಯಲ್ಲಿ ಕೈಯಾರೆ ಮಾಡಿದ ಸಾಮಾನೇ ಜಾಸ್ತಿ. ಬಂದವರು ಟೀಪಾಯಿ ತಟ್ಟಿ ನೋಡುತ್ತಾರೆ, ಗೋಡೆ ಸವರಿ ನೋಡುತ್ತಾರೆ, ಆಮೇಲೆ ಅದೇ ಪ್ರಶ್ನೆಗಳು ಶುರು. ಉತ್ತರ ಹೇಳುತ್ತಾ ಹೇಳುತ್ತಾ ನನ್ನ ಕಾಫಿ ಆರಿ ಹೋಗುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ.

ನಮಗೂ ಏನಾದರೂ ಮಾಡಬೇಕು ಅನ್ನಿಸಿದೆ. ಯಾವುದರಿಂದ ಶುರು ಮಾಡೋದು?

ಮೊದಲು ಯಾವ ತಿಂಗಳು ಅಂತ ನೋಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹಾಕಿದ್ದು ಯಾವುದೂ ಒಣಗುವುದಿಲ್ಲ. ಬಟ್ಟೆಯನ್ನೇ ಬಚ್ಚಲ ಒಲೆ ಮೇಲೆ ತಂತಿ ಕಟ್ಟಿ ಒಣಗಿಸುತ್ತೇವೆ. ಇನ್ನು ಬಣ್ಣ, ಅಂಟು, ಮರ ಎಲ್ಲಿಂದ ಒಣಗಬೇಕು? ನಮ್ಮ ಮನೆಯಲ್ಲಿ ಕೆಟ್ಟ ಕೆಲಸಗಳ ಲೆಕ್ಕ ತೆಗೆದರೆ ಮುಕ್ಕಾಲು ಪಾಲು ಹಸಿ ಇರುವಾಗಲೇ ಕೈ ಹಾಕಿ ಕೆಟ್ಟವು.

ಹಾಗಂತ ಮಳೆ ನಿಂತ ತಕ್ಷಣ ಬಿಡುವು ಅಂತೇನಿಲ್ಲ. ಅರೇಬಿಕಾ ಕುಯ್ಲು ಬರುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಕಣದ ತುಂಬ ಕಾಫಿ ಹರಡಿರುತ್ತದೆ, ಒಂದು ಮೊರ ಒಣಗಿಸಲೂ ಜಾಗ ಸಿಗುವುದಿಲ್ಲ. ಕಣ ಖಾಲಿಯಾದ ಮೇಲೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬೀಳುವವರೆಗೆ ಸಿಗುವ ಬಿಸಿಲಿನಲ್ಲೇ ನಮ್ಮ ಸುಣ್ಣ, ಮರ, ಕಾಗದದ ಕೆಲಸ ಎಲ್ಲ ಮುಗಿಯಬೇಕು. ಹೂಮಳೆ ತೋಟಕ್ಕೆ ಒಳ್ಳೆಯದು, ಹಸಿ ಸುಣ್ಣದ ಗೋಡೆಗಲ್ಲ. ಮಳೆಗಾಲಕ್ಕೆ ಸೂಜಿ ದಾರದ ಕೆಲಸ ಇಟ್ಟುಕೊಳ್ಳುತ್ತೇವೆ. ಅರಸೀಕೆರೆ, ಕಡೂರು ಕಡೆಯವರಿಗೆ ಈ ಪಂಚಾಂಗ ಬೇಕಿಲ್ಲ. ಅವರಿಗೆ ಬಿಸಿಲು ಧಾರಾಳ.

ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಯಾವ ಪೇಂಟ್ ಹೊಡೆದರೆ ನಿಲ್ಲುತ್ತದೆ?

ಎಲ್ಲರೂ ಕೇಳುವುದು ಇದನ್ನೇ. ಪೇಂಟ್ ಮಾತು ಆಮೇಲೆ. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಅದಕ್ಕೊಂದು ಪುಕ್ಕಟೆ ಪರೀಕ್ಷೆ ಇದೆ. ಬೂಷ್ಟು ಹಿಡಿದ ಜಾಗ ಒರೆಸಿ, ಒಂದಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಕಡೆ ಗಾಳಿ ಆಡದ ಹಾಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹನಿ ಪ್ಲಾಸ್ಟಿಕ್‌ನ ಒಳಗೆ, ಗೋಡೆ ಕಡೆ ನಿಂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಗಡೆ ನಿಂತಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಇದೆ. ಅಡುಗೆ ಹಬೆ, ಒಳಗೆ ಹರವಿದ ಬಟ್ಟೆ, ಚಳಿ ಅಂತ ಮುಚ್ಚಿಟ್ಟ ಕಿಟಕಿ, ಇವೇ ಕಾರಣ.

ನಮ್ಮದು ಗೋಡೆಯಿಂದ ಬರುವ ನೀರು. ಅದು ಗೊತ್ತಿಲ್ಲದೆ ಒಂದು ವರ್ಷ ಅಂಗಡಿಯವರು ಹೇಳಿದರು ಅಂತ ದುಬಾರಿ ಪೇಂಟ್ ಹೊಡೆಸಿದೆವು. ಆಗಸ್ಟ್ ಹೊತ್ತಿಗೆ ಗೋಡೆ ಹಪ್ಪಳ ಉಬ್ಬಿದ ಹಾಗೆ ಉಬ್ಬಿತು. ಮಗ ಒಂದೊಂದು ಗುಳ್ಳೆಯನ್ನೂ ಬೆರಳಲ್ಲಿ ಒತ್ತಿ ಟಪ್ ಅನ್ನಿಸುತ್ತಿದ್ದ, ಒಳಗಿಂದ ನೀರು ಜಿನುಗುತ್ತಿತ್ತು. ಮಳೆ ಹೊರಪು ಕೊಟ್ಟಾಗ, ಅಂದರೆ ನಡುವೆ ಬಿಡುವು ಕೊಟ್ಟಾಗ, ಅಟ್ಟ ಹತ್ತಿ ನೋಡಿದರೆ ಒಂದು ಹೆಂಚು ಬಿರುಕು ಬಿಟ್ಟಿತ್ತು. ಸೂರಿನ ದೋಣಿಯಲ್ಲಿ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡು ನೀರು ಸೀದಾ ಗೋಡೆಗೆ ಇಳಿಯುತ್ತಿತ್ತು. ಹೆಂಚು ಬದಲಾಯಿಸಲು ಅರ್ಧ ಗಂಟೆ ಸಾಕಾಯಿತು. ಪೇಂಟ್‌ಗೆ ಹಾಕಿದ ದುಡ್ಡು ಹೋಗಿದ್ದು ಹೋಯಿತು.

ಗೋಡೆ ಪೂರ್ತಿ ಒಣಗಿದ ಮೇಲೆ ಆ ಪೇಂಟನ್ನೆಲ್ಲ ಕೆರೆದು ಸುಣ್ಣ ಹೊಡೆದೆವು. ಸುಣ್ಣದ್ದು ಕ್ಷಾರ ಗುಣ, ಅದರ ಮೇಲೆ ಬೂಷ್ಟು ಸುಲಭಕ್ಕೆ ಬೆಳೆಯುವುದಿಲ್ಲ. ಗೋಡೆಯೊಳಗೆ ಉಳಿದ ತೇವ ಹೊರಗೆ ಹೋಗಲೂ ದಾರಿ ಬಿಡುತ್ತದೆ.

ಇನ್ನೊಂದು ಮಾತು. ಬೂಷ್ಟು ತೊಳೆಯಲು ಬ್ಲೀಚಿಂಗ್ ಪೌಡರ್ ಬಳಸುವವರು ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ. ಹೊರಡುವುದು ಕ್ಲೋರಿನ್ ಗಾಳಿ, ಎದೆಗೆ ಹಿಡಿದುಕೊಳ್ಳುತ್ತದೆ.

ಸುಣ್ಣ ಮನೆಯಲ್ಲೇ ಹೊಡೆಯಬಹುದಾ? ಹೇಗೆ?

ಧಾರಾಳವಾಗಿ ಹೊಡೆಯಬಹುದು. ತೋಟ ಇರುವವರ ಮನೆಗೆ ಸುಣ್ಣ ಹೊಸದಲ್ಲ. ಗಿಡಗಳ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ ಬೇಕೇ ಬೇಕಲ್ಲ. ಅದನ್ನು ತರುವಾಗಲೇ ನಾವು ಗೋಡೆಗೂ ಸೇರಿಸಿ ಕಲ್ಲುಸುಣ್ಣ ತಂದುಬಿಡುತ್ತೇವೆ.

ಕಬ್ಬಿಣದ ಡ್ರಮ್ಮಿಗೆ ಅರ್ಧದಷ್ಟು ನೀರು ಹಾಕಿ, ಸುಣ್ಣದ ಕಲ್ಲು ಒಂದೊಂದೇ ಇಳಿಬಿಡಬೇಕು. ಕಲ್ಲಿನ ಮೇಲೆ ನೀರು ಸುರಿಯಬಾರದು. ಮೊದಲು ಏನೂ ಆಗುವುದಿಲ್ಲ, ಮೋಸ ಹೋದೆವಾ ಅನ್ನಿಸುತ್ತದೆ. ಆಮೇಲೆ ಸುಯ್ ಅಂತ ಸದ್ದು. ಕಲ್ಲು ಬಿರಿದು ಅರಳುತ್ತದೆ, ನೀರು ಕೊತಕೊತ ಕುದಿಯುತ್ತದೆ, ಹಬೆ ಮುಖಕ್ಕೆ ಹೊಡೆಯುತ್ತದೆ. ನಮ್ಮ ಯಜಮಾನ್ರು ಮೊದಲನೇ ಸಲ ಇದನ್ನು ಹಳೇ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮಾಡಿದರು. ಬಕೆಟ್ ತಳ ಮೆತ್ತಗಾಗಿ ಕೂತೇ ಬಿಟ್ಟಿತು, ಸುಣ್ಣ ಅಂಗಳದ ತುಂಬ. ಜಗಲಿ ಮೇಲೆ ಕೂತಿದ್ದ ಅತ್ತೆ, "ಗೋಡೆಗೆ ಬಳಿ ಅಂದ್ರೆ ಅಂಗಳಕ್ಕೆ ಬಳಿದ್ಯಲ್ಲೋ ಮಾರಾಯ" ಅಂದರು.

ನಗುವ ವಿಷಯ ಇಲ್ಲಿಗೆ ಸಾಕು. ಕಣ್ಣಿಗೆ ಹಾರಿದರೆ ಸುಣ್ಣ ಕಣ್ಣನ್ನೇ ಸುಡುತ್ತದೆ. ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಾರಿಬಿಟ್ಟರೆ ಉಜ್ಜದೆ ಕನಿಷ್ಠ 15 ನಿಮಿಷ ನಲ್ಲಿ ನೀರಲ್ಲಿ ತೊಳೆದು ಸೀದಾ ಡಾಕ್ಟರ ಹತ್ತಿರ ಹೋಗಿ.

ತಣ್ಣಗಾದ ಮೇಲೆ ಮುಚ್ಚಿ ಒಂದು ವಾರ ಬಿಟ್ಟು, ಹಳೇ ಪಂಚೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ಬಕೆಟ್‌ಗೆ ಒಂದು ಹಿಡಿ ಉಪ್ಪು, ಬಟ್ಟೆಗೆ ಹಾಕುವ ನೀಲಿ ಕೆಲವು ಹನಿ. ಗಂಜಿ ಹಾಕುವವರೂ ಇದ್ದಾರೆ. ಮಲೆನಾಡಿನಲ್ಲಿ ಬೇಡ, ಅದು ಬೂಷ್ಟಿಗೆ ಊಟ ಬಡಿಸಿದ ಹಾಗೆ. ಗೋಡೆಗೆ ನೀರು ಚಿಮುಕಿಸಿ, ಅದು ತೇವ ಇರುವಾಗಲೇ ಬಳಿಯಿರಿ. ಬಳಿಯುವಾಗ ಗೋಡೆ ಮಂಕಾಗಿ ಕಾಣುತ್ತದೆ, ಸುಣ್ಣ ಬಿದ್ದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ. ಕಾಣಿಸುತ್ತಿಲ್ಲ ಅಂತ ದಪ್ಪಗೆ ಬಳಿದುಬಿಡುತ್ತಾರೆ. ಸುಮ್ನೆ ಮಲಗಿ, ಬೆಳಿಗ್ಗೆ ನೋಡಿ, ಬೆಳ್ಳಗಾಗಿರುತ್ತದೆ. ಒಂದೊಂದು ದಿನ ಬಿಟ್ಟು ಮೂರು ಕೋಟ್ ಸಾಕು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೆ ಅವಸರ ಮಾಡಿದರೆ ನಡೆಯುವುದಿಲ್ಲ.

ಕೈಗೆ, ಬಟ್ಟೆಗೆ ಬಿಳಿ ಅಂಟುತ್ತದೆ ಅಲ್ವಾ?

ದಪ್ಪಗೆ ಬಳಿದರೆ ಅಂಟುತ್ತದೆ. ಒಣ ಗೋಡೆಗೆ ಬಳಿದರೂ ಅಂಟುತ್ತದೆ. ತೆಳ್ಳಗೆ ಬಳಿದದ್ದು ಕಡಿಮೆ. ಅಂಟುವುದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಕರಿ ಪ್ಯಾಂಟ್ ಹಾಕಿಕೊಂಡು ಒರಗಬೇಡಿ. ಆಯಿಲ್ ಪೇಂಟ್ ಹೊಡೆದ ಗೋಡೆ ಮೇಲಂತೂ ಸುಣ್ಣ ಹಿಡಿಯುವುದೇ ಇಲ್ಲ, ಪೂರ್ತಿ ಕೆರೆಯಬೇಕು.

ಈ ಕಾಫಿ ಬೊಡ್ಡೆ ಟೀಪಾಯಿಗೆ ಎಷ್ಟಾಯಿತು?

ದುಡ್ಡು ಕೊಟ್ಟಿದ್ದು ಮೇಲಿನ ಗಾಜಿಗೆ ಮಾತ್ರ. ಹಳೇ ಗಿಡ ಕಿತ್ತು ಹೊಸದು ನೆಟ್ಟಾಗ ಬೇರು ಸಮೇತ ಬಂದ ಬೊಡ್ಡೆ ಅದು. ತಲೆಕೆಳಗಾಗಿ ನಿಲ್ಲಿಸಿದರೆ ಬೇರುಗಳೇ ಗಾಜನ್ನು ಹೊತ್ತುಕೊಳ್ಳುತ್ತವೆ. ಚಿಕ್ಕಮಗಳೂರು, ಸಕಲೇಶಪುರ ಕಡೆ ಅಂಗಡಿಗಳಲ್ಲೂ ಇಂಥವು ಸಿಗುತ್ತವೆ. ರೇಟ್ ಕೇಳಿಯೇ ನಮ್ಮ ಯಜಮಾನ್ರು ಮನೆಯಲ್ಲಿ ಮಾಡುವ ಮನಸ್ಸು ಮಾಡಿದ್ದು.

ಬೊಡ್ಡೆ ತರುವ ಮೊದಲು, ಗಿಡ ಯಾಕೆ ಕಿತ್ತಿದ್ದು ಅಂತ ಕೇಳಿ. ಬಿಳಿ ಕಾಂಡಕೊರಕ, ಅಂದರೆ ಎಲ್ಲರೂ ಬೋರರ್ ಅನ್ನುವ ಹುಳ ಹೊಡೆದ ಅರೇಬಿಕಾ ಗಿಡವಾದರೆ ಬೇಡವೇ ಬೇಡ. ಅದನ್ನು ಕಿತ್ತು ಸುಡುವುದೇ ಕ್ರಮ. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅದರ ದುಂಬಿ ಹೊರಗೆ ಬರುವ ಕಾಲ. ಟೀಪಾಯಿ ಆಸೆಗೆ ಅಂಥ ಬೊಡ್ಡೆಯನ್ನು ಜಗಲಿಯಲ್ಲಿ ಇಟ್ಟುಕೊಂಡರೆ ಪಕ್ಕದವರ ತೋಟಕ್ಕೂ ಹುಳ ಹಂಚಿದ ಹಾಗಾಗುತ್ತದೆ. ತೊಗಟೆ ಮೇಲೆ ಉಬ್ಬಿದ ಗೆರೆ ಇದೆಯಾ, ಕಡಿದ ಕಡೆ ಪುಡಿ ತುಂಬಿದ ತೂತು ಇದೆಯಾ ನೋಡಿ.

ಒಳ್ಳೆ ಬೊಡ್ಡೆ ಸಿಕ್ಕರೆ ತೊಗಟೆ ಬಿಡಿಸಿ, ಮಣ್ಣು ತೊಳೆದು, ನೆರಳಲ್ಲಿ ಇಡಿ. ಕತ್ತರಿಸಿದ ತುದಿಗಳಿಗೆ ಹಳೇ ಪೇಂಟ್ ಬಳಿಯಿರಿ. ನೀರು ತುದಿಯಿಂದಲೇ ಬೇಗ ಹೊರಡುತ್ತದೆ, ಬೇಗ ಹೊರಟರೆ ಮರ ಸೀಳುತ್ತದೆ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಮರದವರ ಹಳೇ ಲೆಕ್ಕ. ನಾವು ಮೊದಲನೇ ಬೊಡ್ಡೆಯನ್ನು ಬೇಗ ಒಣಗಲಿ ಅಂತ ಬಚ್ಚಲ ಒಲೆ ಪಕ್ಕ ಇಟ್ಟೆವು. ಒಂದು ರಾತ್ರಿ ಪಟ್ ಅಂತ ಸದ್ದಾಯಿತು. ಬೆಕ್ಕು ಏನೋ ಬೀಳಿಸಿತು ಅಂದುಕೊಂಡು ಎದ್ದು ನೋಡಿದರೆ ಬೊಡ್ಡೆ ಮೇಲಿಂದ ಕೆಳಗೆ ಸೀಳಿತ್ತು. ಅದೇ ಒಲೆಗೆ ಸೌದೆಯಾಯಿತು. ಈಗ ಮನೆಯಲ್ಲಿರುವುದು ಎರಡನೆಯದು, ಎರಡು ಬೇಸಿಗೆ ಕಂಡಿದೆ.

ಉಜ್ಜಲು 80, 120, 220 ನಂಬರಿನ ಪಾಲಿಶ್ ಪೇಪರ್, ಇದೇ ಕ್ರಮದಲ್ಲಿ. ಮೇಲೆ ಅಗಸೆ ಎಣ್ಣೆ, ನೆಲಕ್ಕೆ ತಾಗುವ ಭಾಗಕ್ಕೆ ಗೆದ್ದಲು ಬಾರದಂತೆ ಗೇರೆಣ್ಣೆ. ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಬರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಗಾಜಿನ ಅಂಚು ಅಂಗಡಿಯಲ್ಲೇ ಉಜ್ಜಿಸಿಕೊಂಡು ಬನ್ನಿ.

ಮೊರಕ್ಕೆ ಬಳಿದಿರುವುದು ಏನು? ಸಗಣಿಯಾ?

ಅಲ್ಲ, ಕಾಗದ ಮತ್ತು ಮೆಂತ್ಯ. ನಮ್ಮ ಅತ್ತೆಯ ಕೈಚಳಕ. ಬಿದಿರಿನ ಮೊರ ಸಂದು ಬಿಟ್ಟಾಗ ಎಸೆಯದೆ ಹೀಗೆ ಬಳಿದರೆ ಇನ್ನೂ ಹಲವು ವರ್ಷ ಬರುತ್ತದೆ. ಹಿಂದೆ ಮನೆ ಮನೆಯಲ್ಲೂ ಮಾಡುತ್ತಿದ್ದರು. ಈಗ ಮೊರ ಅಂದರೆ ಗೌರಿ ಹಬ್ಬದ ಬಾಗಿನಕ್ಕೆ ಮಾತ್ರ ನೆನಪಾಗುತ್ತದೆ.

ಕಾಗದವನ್ನು ಚೂರು ಮಾಡಿ ಎರಡು ಮೂರು ದಿನ ನೀರಲ್ಲಿ ನೆನೆಸುತ್ತಾರೆ, ದಿನಾ ನೀರು ಬದಲಾಯಿಸುತ್ತಾರೆ. ಮೆಂತ್ಯ ಒಂದು ರಾತ್ರಿ ನೆನೆಯಬೇಕು. ಬೆಳಿಗ್ಗೆ ಕಾಗದವನ್ನು ಹಿಂಡಿ, ಎರಡನ್ನೂ ಒರಳಿಗೆ ಹಾಕಿ ರುಬ್ಬುತ್ತಾರೆ. ಅಳತೆ ಕೇಳಿದರೆ ಅತ್ತೆ ಕೈ ತೋರಿಸುತ್ತಾರೆ: ಇಷ್ಟು ಕಾಗದಕ್ಕೆ ಇಷ್ಟು ಮೆಂತ್ಯ. ನಾನು ಲೋಟದಲ್ಲಿ ಅಳೆದು ನೋಡಿದೆ, ಹಿಂಡಿದ ಕಾಗದ ನಾಲ್ಕು ಲೋಟವಾದರೆ ನೆನೆದ ಮೆಂತ್ಯ ಸುಮಾರು ಒಂದು. ರುಬ್ಬಿದ್ದು ಇಡ್ಲಿ ಹಿಟ್ಟಿಗಿಂತ ಗಟ್ಟಿ, ರೊಟ್ಟಿ ಹಿಟ್ಟಿಗಿಂತ ಸಡಿಲ. ಎರಡು ಬೆರಳ ನಡುವೆ ಎಳೆದರೆ ಲೋಳೆಯಾಗಿ ಎಳೆ ಬರಬೇಕು. ಆ ಲೋಳೆಯೇ ಅಂಟು.

ಆಮೇಲೆ ಮೊರವನ್ನು ತೊಡೆ ಮೇಲೆ ಇಟ್ಟುಕೊಂಡು, ಅಂಗೈ ಒದ್ದೆ ಮಾಡಿಕೊಂಡು, ನಡುವಿನಿಂದ ಅಂಚಿಗೆ ತಳ್ಳುತ್ತಾ ಬಳಿಯುತ್ತಾರೆ. ಹೆಬ್ಬೆರಳ ಬುಡದಿಂದ ಒತ್ತಿದಾಗ ಬಿದಿರಿನ ಹೆಣಿಗೆಯೊಳಗೆ ಅದು ಇಳಿಯುವುದು ಕಾಣುತ್ತದೆ. ಮೊದಲು ಒಳಮೈ ಬಳಿದು ಬಿಸಿಲಿಗೆ ಹಾಕುತ್ತಾರೆ. ಅದು ಖಣಖಣ ಒಣಗಿದ ಮೇಲೆಯೇ ಹೊರಮೈ. ಎರಡನ್ನೂ ಒಟ್ಟಿಗೆ ಬಳಿದರೆ ನಡುವೆ ತೇವ ಉಳಿದು ನಾಲ್ಕನೇ ದಿನಕ್ಕೆ ಹಸಿರು ಬೂಷ್ಟು. ನಾನೊಮ್ಮೆ ಹಾಗೆ ಮಾಡಿದ್ದೆ. ಅತ್ತೆ ಬೈಯಲಿಲ್ಲ, ಮೊರವನ್ನು ಬಚ್ಚಲ ಗೋಡೆಗೆ ಒರಗಿಸಿಟ್ಟರು. ದಿನಾ ಸ್ನಾನಕ್ಕೆ ಹೋದಾಗಲೆಲ್ಲ ಅದನ್ನೇ ನೋಡಬೇಕಿತ್ತು.

ಎರಡು ಎಚ್ಚರಿಕೆ. ಅಕ್ಕಿ ಕೇರುವ ಮೊರಕ್ಕೆ ನ್ಯೂಸ್ ಪೇಪರ್ ಬೇಡ, ಆ ಶಾಯಿ ತಿನ್ನುವ ಪದಾರ್ಥಕ್ಕೆ ತಾಗಬಾರದು. ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಯದೆ ಉಳಿದ ಹಾಳೆ ಹಾಕಿ. ಎರಡನೆಯದು, ಒರಳಿಲ್ಲ ಅಂತ ಮಿಕ್ಸಿಗೆ ಗಟ್ಟಿಯಾಗಿ ತುಂಬಬೇಡಿ. ನಾದಿನಿ ಮನೆಯ ಮಿಕ್ಸಿ ಮೋಟಾರ್ ಸುಟ್ಟಿದ್ದು ಹೀಗೆಯೇ. ನೀರು ಜಾಸ್ತಿ ಹಾಕಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ, ಆಮೇಲೆ ಬಟ್ಟೆಯಲ್ಲಿ ಹಿಂಡಿ.

ಒಂದು ಕೌದಿಗೆ ಎಷ್ಟು ಸೀರೆ ಬೇಕು?

ಒಬ್ಬರು ಹೊದೆಯಲು ಎರಡು ಕಾಟನ್ ಸೀರೆ ಸಾಕು. ಸೀರೆ ಐದೂವರೆ ಮೀಟರ್. ಅರ್ಧಕ್ಕೆ ಮಡಚಿದರೆ ಎರಡು ಮುಕ್ಕಾಲು ಮೀಟರ್ ಉದ್ದ, ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ, ಎರಡು ಪದರ. ಎರಡು ಸೀರೆಗೆ ನಾಲ್ಕು ಪದರ ಆಯಿತು. ಹಾಸಲು ಬೇಕಾದರೆ ನಡುವೆ ಇನ್ನೊಂದು ಸೀರೆ ಸೇರಿಸಿ. ಹರಿದದ್ದು, ಬಣ್ಣ ಹೋದದ್ದು ಒಳಪದರಕ್ಕೆ, ಗಟ್ಟಿ ಇರುವುದು ಹೊರಗೆ.

ಹೊಲಿಯುವ ಮೊದಲು ಎಲ್ಲವನ್ನೂ ಬಿಸಿನೀರಲ್ಲಿ ಒಗೆಯಿರಿ. ಬಣ್ಣ ಬಿಡುವುದು ಆಗಲೇ ಬಿಡಲಿ. ನೈಲಾನ್, ಪಾಲಿಯೆಸ್ಟರ್ ಬೆರೆಸಬೇಡಿ. ಅವು ಜಾರುತ್ತವೆ, ಕಾಟನ್ ಜೊತೆ ಒಂದೇ ಸಮ ಕುಗ್ಗುವುದಿಲ್ಲ, ಹೊದ್ದರೆ ಬೆವರುತ್ತದೆ. ಜಮಖಾನದ ಮೇಲೆ ಹರಡಿ, ಸುಕ್ಕು ತೆಗೆದು, ಒಂದೊಂದು ಗೇಣಿಗೆ ಉದ್ದುದ್ದ ಟಾಕಾ ಹಾಕಿಕೊಳ್ಳಿ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬನ್ನಿ. ದಬ್ಬಣ ಬೇಡ, ಹಳೇ ಸೀರೆಗೆ ತೂತು ದೊಡ್ಡದಾಗುತ್ತದೆ.

ನಮ್ಮದು ಜೂನ್‌ನಲ್ಲಿ ಶುರುವಾದರೆ ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ಮುಗಿಯುತ್ತದೆ. ದೇವಸ್ಥಾನ ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನ ಕೆಲವೇ ದಿನ. ಆಗ ನಾದಿನಿ ಮನೆಗೆ ಬರುವ ನೆಂಟರಿಗೆ ಹಾಸಿಗೆ ಸಾಲುವುದಿಲ್ಲ. ಕೌದಿಗಳೆಲ್ಲ ಬಸ್ಸಿನಲ್ಲಿ ಹಾಸನಕ್ಕೆ ಹೋಗುತ್ತವೆ. ಎಲ್ಲವೂ ವಾಪಸ್ ಬರುತ್ತವೆ ಅಂತ ಏನಿಲ್ಲ.

ಮೆಷಿನ್ ಇಲ್ಲದೆ ಅಡಿಕೆ ಹಾಳೆ ತಟ್ಟೆ ಮಾಡಬಹುದಾ?

ಅಂಗಡಿಯ ದುಂಡು ತಟ್ಟೆ ಬರುವುದಿಲ್ಲ, ಅದಕ್ಕೆ ಬಿಸಿ ಅಚ್ಚಿನ ಪ್ರೆಸ್ ಬೇಕು. ದೊನ್ನೆ ಮಾಡಬಹುದು. ತಾನಾಗಿ ಉದುರಿದ ಹಾಳೆಯನ್ನು ನೀರಲ್ಲಿ ಮೆತ್ತಗಾಗುವವರೆಗೆ ನೆನೆಸಿ, ಉಜ್ಜಿ ತೊಳೆದು, ನಾಲ್ಕು ಮೂಲೆ ಮಡಚಿ ಕಡ್ಡಿ ಚುಚ್ಚಿ. ಬಿಸಿಲಿಗೆ ಇಟ್ಟಾಗ ಸೊಟ್ಟಗಾಗದಂತೆ ಒಳಗೊಂದು ಕಲ್ಲು ಇಡಿ. ಮಳೆಯಲ್ಲಿ ನೆಲದ ಮೇಲೆ ಬಿದ್ದು ಕಪ್ಪು ಚುಕ್ಕಿ ಹಿಡಿದ ಹಾಳೆಯಲ್ಲಿ ಊಟದ ಸಾಮಾನು ಮಾಡಬೇಡಿ. ಅದು ಬೀಸಣಿಗೆಗೆ ಸರಿ.

ತೆಂಗಿನ ಚಿಪ್ಪಿನ ಬಟ್ಟಲಿಗೆ ಹೊಳಪು ಹೇಗೆ ಬಂತು?

ಕೊಬ್ಬರಿ ಎಣ್ಣೆ, ಅಷ್ಟೇ. ನುಣ್ಣಗಾಗುವವರೆಗೆ ಪಾಲಿಶ್ ಪೇಪರ್‌ನಲ್ಲಿ ಉಜ್ಜಿ ಎಣ್ಣೆ ಸವರಿ. ಚೆನ್ನಾಗಿ ಬಲಿತ ಕಾಯಿಯ ಚಿಪ್ಪೇ ಬೇಕು. ನಾವು ಅರಸೀಕೆರೆಯ ನೆಂಟರ ಮನೆಯಿಂದ, ಕೊಬ್ಬರಿ ಒಡೆದು ಬಿಟ್ಟ ಚಿಪ್ಪು ಚೀಲಗಟ್ಟಲೆ ತರುತ್ತೇವೆ. ವಾರ್ನಿಷ್ ಹಚ್ಚಿದ್ದರಲ್ಲಿ ತಿನ್ನುವ ವಸ್ತು ಹಾಕಬೇಡಿ. ಉಜ್ಜುವಾಗ ಏಳುವ ಪುಡಿ ಮೂಗಿಗೆ ಹೋಗುತ್ತದೆ, ಬಟ್ಟೆ ಕಟ್ಟಿಕೊಳ್ಳಿ.

ನಮ್ಮದು ಬಾಡಿಗೆ ಮನೆ. ಮೊಳೆ ಹೊಡೆಯುವ ಹಾಗಿಲ್ಲ.

ನಾದಿನಿಯ ಕಥೆಯೂ ಅದೇ. ಅವಳು ಶೆಲ್ಫ್ ಅನ್ನು ಗೋಡೆಗೆ ಹೊಡೆಯಲಿಲ್ಲ, ನೆಲಕ್ಕೇ ನಿಲ್ಲಿಸಿದಳು. ಅಡಿಕೆ ದಬ್ಬೆ ಸೀಳಿ, ಏಣಿಯ ಹಾಗೆ ಎರಡು ಚೌಕಟ್ಟು ಮಾಡಿ, ನಡುವೆ ಹಲಗೆ ಇಟ್ಟು ತೆಂಗಿನ ಹುರಿಯಲ್ಲಿ ಬಿಗಿದಿದ್ದಾಳೆ. ಮನೆ ಬದಲಾಯಿಸುವಾಗ ಬಿಚ್ಚಿ ಕಟ್ಟಿ ಆಟೋದಲ್ಲಿ ಹಾಕಿದರಾಯಿತು. ಪುಸ್ತಕ, ಡಬ್ಬ ಇಡಲು ತೊಂದರೆಯಿಲ್ಲ. ಅಕ್ಕಿ ಮೂಟೆ ಇಡಬೇಡಿ. ಮಕ್ಕಳಿರುವ ಮನೆಯಾದರೆ ಮೇಲ್ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ.

ನಿಜ ಹೇಳಿ, ದುಡ್ಡು ಉಳಿಯುತ್ತದಾ?

ಕೆಲವದರಲ್ಲಿ ಉಳಿಯುತ್ತದೆ. ಸುಣ್ಣ, ಮೊರ, ಶೆಲ್ಫಲ್ಲಿ ಚೆನ್ನಾಗಿ ಉಳಿದಿದೆ. ಕೌದಿಗೆ ದಾರ ಬಿಟ್ಟರೆ ಖರ್ಚಿಲ್ಲ, ಆದರೆ ಅತ್ತೆಯ ನಾಲ್ಕು ತಿಂಗಳ ಮಧ್ಯಾಹ್ನಗಳಿಗೆ ಕೂಲಿ ಹಾಕಿದರೆ ಅದರಷ್ಟು ದುಬಾರಿ ಹೊದಿಕೆ ಬೇರೆ ಇಲ್ಲ. ಮೇಣದ ಬತ್ತಿ ಮಾಡಲು ಹೋಗಿ ಅಚ್ಚು, ಬಣ್ಣ, ಪರಿಮಳ ಅಂತ ಖರ್ಚು ಮಾಡಿ ಕೈ ಸುಟ್ಟುಕೊಂಡೆ, ಎರಡೂ ಅರ್ಥದಲ್ಲಿ. ಕುರ್ಚಿಯಂತೂ ಮಾಡಲೇಬೇಡಿ. ಮಾಡಿದವರು ಧೈರ್ಯವಾಗಿ ಕೂರುತ್ತಾರೆ, ನೆಂಟರು ಕೂರುವುದಿಲ್ಲ.

ನೀವು ಕೈ ಹಾಕದ ಕೆಲಸ ಯಾವುದು?

ಕರೆಂಟ್ ಮತ್ತು ಗ್ಯಾಸ್. ಗೋಡೆಗೆ ತೂತು ಕೊರೆಯುವಾಗಲೂ ಮೇನ್ ಸ್ವಿಚ್ ಆಫ್ ಮಾಡಿ, ವೈರ್ ಎಲ್ಲಿ ಹೋಗಿದೆ ಅಂತ ಗೊತ್ತಿದ್ದರೆ ಮಾತ್ರ, ಅದೂ ಬ್ಯಾಟರಿ ಡ್ರಿಲ್‌ನಲ್ಲಿ. ಮಳೆಗಾಲದಲ್ಲಿ ಹೆಂಚಿನ ಮೇಲೆ ಹತ್ತುವುದಿಲ್ಲ. ಪಾಚಿ ಕಟ್ಟಿದ ಹೆಂಚು ಸೋಪಿನ ಹಾಗೆ ಜಾರುತ್ತದೆ. ಸೋರಿದರೆ ಕೆಳಗೆ ಪಾತ್ರೆ ಇಟ್ಟು ಮಳೆ ಹೊರಪು ಕೊಡುವವರೆಗೆ ಕಾಯುತ್ತೇವೆ, ಆಗಲೂ ಅಟ್ಟದ ಒಳಗಿನಿಂದಲೇ ಸರಿಮಾಡುವುದು.

ಮಕ್ಕಳಿಗೆ ಏನು ಕೊಡುತ್ತೀರಿ?

ಚಿಪ್ಪು ಉಜ್ಜುವುದು, ಕಾಗದ ಹರಿಯುವುದು. ಕಾಗದ ಹರಿಯುವುದರಲ್ಲಿ ನನ್ನ ಮಗನನ್ನು ಮೀರಿಸುವವರಿಲ್ಲ. ಒಮ್ಮೆ ಅಕ್ಕನ ಹೋಮ್‌ವರ್ಕನ್ನೂ ಸೇರಿಸಿಯೇ ಹರಿದಿದ್ದ.

ಇವನ್ನೆಲ್ಲ ಮಾರುತ್ತೀರಾ?

ಇಲ್ಲ. ಕೌದಿಗೆ ರೇಟ್ ಕೇಳಿದವರಿದ್ದಾರೆ. ಅತ್ತೆ "ಸೀರೆ ತಗೊಂಡು ಬಾ, ಹೊಲ್ಯೋದು ಹೇಳ್ಕೊಡ್ತೀನಿ" ಅನ್ನುತ್ತಾರೆ, ಅವರು ಮತ್ತೆ ಬರುವುದಿಲ್ಲ. ಮೊರ ಬಳಿಯುವುದನ್ನು ನೋಡಬೇಕು ಅನ್ನುವವರು ಶಿವರಾತ್ರಿ ಆದ ಮೇಲೆ ಬನ್ನಿ, ಕಣ ಖಾಲಿ ಇರುತ್ತದೆ. ಕಾಗದ ನಮ್ಮಲ್ಲಿದೆ. ಮೆಂತ್ಯ ನೀವೇ ತನ್ನಿ, ಹಿಂದಿನ ದಿನವೇ ನೆನೆಸಿಕೊಂಡು.